ದಿನವೋ ತಿಂಗಳೋ? ಕಂಪ್ಯೂಟರಿನಲ್ಲಿ ಅದಲುಬದಲಾಗುವ ಜನ್ಮದಿನಾಂಕ

ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಗುವಿನ ಜನ್ಮದಿನಾಂಕ 05/08/2017 ಎಂದಿದ್ದರೆ, ಅದು ಆಗಸ್ಟ್ 5 ಎಂಬುದರಲ್ಲಿ ಉದಕಮಂಡಲದ ಪೋಷಕರಿಗಾಗಲಿ ಶಿಕ್ಷಕರಿಗಾಗಲಿ ಸಂದೇಹವಿರದು. ನಮ್ಮ ದೇಶದ ರೂಢಿಯಲ್ಲಿ ದಿನ ಮೊದಲು, ತಿಂಗಳು ಅನಂತರ. ಅಮೆರಿಕದಲ್ಲಿ ತಿಂಗಳೇ ಮೊದಲು. ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದಾಗಿಯೇ ಉಳಿದಿದ್ದರೆ, ಅದೇ ಅಂಕಿಗಳು ಮೇ 8 ಆಗಿ ಡೇಟಾಬೇಸನ್ನು ಸೇರುತ್ತವೆ. ಮಗುವಿಗೆ ಸುಮಾರು ಮೂರು ತಿಂಗಳ ವಯಸ್ಸು ಕೂಡಿಕೊಳ್ಳುತ್ತದೆ.

ಎಲ್ಲ ದಿನಾಂಕಗಳೂ ಒಂದೇ ಬಗೆಯಲ್ಲಿ ಕೆಟ್ಟಿದ್ದರೆ ತಪ್ಪು ಬೇಗನೆ ಸಿಕ್ಕಿಬೀಳುತ್ತಿತ್ತು. ಹಾಗಾಗುವುದಿಲ್ಲ. 25/08/2017 ಎಂಬುದನ್ನು ಕಂಪ್ಯೂಟರ್ ತಿರಸ್ಕರಿಸುತ್ತದೆ, ಇಲ್ಲವೇ ಬರಿಯ ಅಕ್ಷರಗಳೆಂದು ಬಗೆದು ಹಾಗೆಯೇ ಬಿಡುತ್ತದೆ. ಇಪ್ಪತ್ತೈದನೆಯ ತಿಂಗಳೆಂಬುದು ಇಲ್ಲವಷ್ಟೆ. ತಿಂಗಳ ಮೊದಲ 12 ದಿನಗಳಲ್ಲಿ ಹುಟ್ಟಿದವರ ದಿನಾಂಕ ಮಾತ್ರ ಸದ್ದಿಲ್ಲದೆ ಅದಲುಬದಲಾಗುತ್ತದೆ. ವರ್ಷದಲ್ಲಿ ಅಂಥ ದಿನಗಳು 144. ಅವುಗಳಲ್ಲಿ 05/05ರಂತೆ ತಿರುಗಿಸಿದರೂ ಬದಲಾಗದ 12 ದಿನಗಳನ್ನು ಕಳೆದರೆ ಉಳಿಯುವುವು 132. ಅಂದರೆ ವರ್ಷದ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು. ಕಂಪ್ಯೂಟರ್ ಒಪ್ಪಿಕೊಂಡಿತು ಎಂಬುದು ದಿನಾಂಕ ಸರಿಯೆಂಬುದಕ್ಕೆ ಸಾಕ್ಷಿಯಾಗದು.

ತಪ್ಪಿನ ಮೊದಲ ಸುಳಿವು ಎಕ್ಸೆಲ್ ಹಾಳೆಯಲ್ಲಿಯೇ ದೊರೆಯುತ್ತದೆ. ದಿನಾಂಕವೆಂದು ಗ್ರಹಿಸಿದುದನ್ನು ಎಕ್ಸೆಲ್ ಮನೆಯ ಬಲಕ್ಕೆ ಜೋಡಿಸುತ್ತದೆ, ಅಕ್ಷರವೆಂದು ಗ್ರಹಿಸಿದುದನ್ನು ಎಡಕ್ಕೆ. ಒಂದೇ ಕಾಲಮ್ಮಿನಲ್ಲಿ ಎರಡೂ ಬೆರೆತಿದ್ದರೆ ಎಡಕ್ಕಿರುವವು ಮೂಲದಲ್ಲಿದ್ದಂತೆಯೇ ಇರುತ್ತವೆ; ಬಲಕ್ಕೆ ಅಚ್ಚುಕಟ್ಟಾಗಿ ಕುಳಿತವನ್ನೇ ಹೆಚ್ಚು ಅನುಮಾನಿಸಬೇಕು. ಸಿಎಸ್‌ವಿ ಕಡತವನ್ನು ತೆರೆದೊಡನೆ ಈ ಬದಲಾವಣೆ ನಡೆದುಹೋಗುವುದರಿಂದ, ಅದಕ್ಕೂ ಮೊದಲೇ ಪ್ರಾದೇಶಿಕ ಸೆಟ್ಟಿಂಗನ್ನು ‘ಇಂಗ್ಲಿಷ್ (ಇಂಡಿಯಾ)’ ಎಂದು ಬದಲಿಸಿಕೊಳ್ಳುವುದು ಕ್ಷೇಮ.

ಕನ್ನಡ ಅಂಕಿಗಳನ್ನು ಬಳಸುವ ದಾಖಲೆಗಳಲ್ಲಿ ಮತ್ತೊಂದು ತೊಡಕುಂಟು. ೦೫ ಮತ್ತು 05 ಓದುವವರಿಗೆ ಒಂದೇ. ಯೂನಿಕೋಡಿನಲ್ಲಿ ಅವು ಬೇರೆ ಬೇರೆ ಸಂಕೇತಗಳು. ಕನ್ನಡ ಅಂಕಿಗಳ ದಿನಾಂಕವನ್ನು ಅನೇಕ ಡೇಟಾಬೇಸುಗಳು ಸ್ವೀಕರಿಸುವುದಿಲ್ಲ. ಸೊನ್ನೆಯ ಬದಲು ಅನುಸ್ವಾರವನ್ನು ಒತ್ತಿದ್ದರಂತೂ ಕಣ್ಣಿಗೆ ವ್ಯತ್ಯಾಸ ತಿಳಿಯುವುದೇ ಕಷ್ಟ. ಇದಕ್ಕಾಗಿ ಕನ್ನಡ ಅಂಕಿಗಳನ್ನು ತೊರೆಯಬೇಕಾಗಿಲ್ಲ. ಉಳಿಸುವಾಗ 0ಯಿಂದ 9ರವರೆಗಿನ ಅಂಕಿಗಳನ್ನು ಬಳಸಿ, ಮುದ್ರಿಸುವಾಗ ಕನ್ನಡಕ್ಕೆ ಪರಿವರ್ತಿಸಿದರೆ ಎರಡೂ ಸಾಧಿಸುತ್ತವೆ.

ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆಯುವುದೂ ಅಪಾಯ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ 00ರಿಂದ 69ರವರೆಗಿನ ವರ್ಷಗಳನ್ನು 2000ದಿಂದ 2069 ಎಂದು ಎಣಿಸುತ್ತದೆ; 1945ರಲ್ಲಿ ಹುಟ್ಟಿದ ಅಜ್ಜಿಯ ವರ್ಷವನ್ನು 45 ಎಂದು ಬರೆದರೆ ಆಕೆ 2045ರಲ್ಲಿ ಹುಟ್ಟಬೇಕಾಗುತ್ತದೆ! ಜನ್ಮದಿನವನ್ನು ಗಂಟೆ ನಿಮಿಷಗಳೊಡನೆ ಉಳಿಸಿದರೆ ಬೇರೊಂದು ಪೇಚು. ಭಾರತದ ಗಡಿಯಾರ ಅಂತರರಾಷ್ಟ್ರೀಯ ಕಾಲಮಾನಕ್ಕಿಂತ ಐದೂವರೆ ಗಂಟೆ ಮುಂದಿದೆ. ಆಗಸ್ಟ್ 5ರ ನಡುರಾತ್ರಿ 12 ಗಂಟೆ ಆ ಲೆಕ್ಕದಲ್ಲಿ ಆಗಸ್ಟ್ 4ರ ಸಂಜೆ ಆರೂವರೆ. ಹುಟ್ಟುಹಬ್ಬ ಒಂದು ದಿನ ಹಿಂದೆ ಸರಿಯುತ್ತದೆ.

ಇವೆಲ್ಲಕ್ಕೂ ಮದ್ದು ಒಂದೇ: ದಿನಾಂಕವನ್ನು ಒಂದೇ ಬಗೆಯಲ್ಲಿ ಓದಲು ಸಾಧ್ಯವಾಗುವಂತೆ ಬರೆಯುವುದು. 1988ರಲ್ಲಿ ಹೊರಬಂದ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕದಂತೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2017-08-05 ಎಂದು ಉಳಿಸಬೇಕು. ಡೇಟಾಬೇಸಿನಲ್ಲಿ ಆ ಕಾಲಮ್ಮು ಸಮಯವಿಲ್ಲದ, ದಿನಾಂಕಕ್ಕೆಂದೇ ಮೀಸಲಾದ ಬಗೆಯದಾಗಿರಬೇಕು. ಕಾಗದದ ಅರ್ಜಿಯಲ್ಲಾದರೆ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದರೆ ಸಾಕು.

ಗೂಡಲೂರು, ಮಸಿನಗುಡಿಗಳಿಂದ ಮುಂದಿನ ಓದಿಗೆ ಗುಂಡ್ಲುಪೇಟೆಗೋ ಮೈಸೂರಿಗೋ ಹೋಗುವ ವಿದ್ಯಾರ್ಥಿಯ ದಾಖಲೆಗಳು ಒಂದು ರಾಜ್ಯದ ವ್ಯವಸ್ಥೆಯಿಂದ ಇನ್ನೊಂದಕ್ಕೆ ದಾಟಬೇಕು. ಅಲ್ಲಿ ವರ್ಗಾವಣೆ ಪತ್ರದಲ್ಲೊಂದು, ಆಧಾರ್‌ನಲ್ಲೊಂದು ದಿನಾಂಕವಿದ್ದರೆ ದಾಖಲಾತಿಯೂ ವಿದ್ಯಾರ್ಥಿವೇತನವೂ ತಡೆಯಬಹುದು. ಆಧಾರ್‌ನ ಸಾಮಾನ್ಯ ನಿಯಮದಂತೆ ಜನ್ಮದಿನಾಂಕವನ್ನು ತಿದ್ದಿಸಲು ಇರುವುದು ಒಂದೇ ಅವಕಾಶ. ಆದುದರಿಂದ ಶಾಲೆಯ ದಾಖಲೆಯಲ್ಲಿ ತಪ್ಪು ಕಂಡಾಗ ಅದಕ್ಕೆ ಹೊಂದುವಂತೆ ಆಧಾರನ್ನು ತಿದ್ದಿಸಲು ಆತುರಪಡಬಾರದು. ಜನನ ಪ್ರಮಾಣಪತ್ರವನ್ನು ಮುಂದಿಟ್ಟುಕೊಂಡು, ತಪ್ಪು ಯಾವುದರಲ್ಲಿದೆಯೋ ಅದನ್ನೇ ತಿದ್ದಿಸಬೇಕು. ಹತ್ತನೆಯ ತರಗತಿಯ ಅಂಕಪಟ್ಟಿ ಅಚ್ಚಾಗುವ ಮುನ್ನ, ವಿಶೇಷವಾಗಿ ತಿಂಗಳ ಮೊದಲ 12 ದಿನಗಳಲ್ಲಿ ಹುಟ್ಟಿದ ಮಕ್ಕಳ ಪೋಷಕರು, ಶಾಲೆಗೆ ಹೋಗಿ ಕಂಪ್ಯೂಟರಿನಲ್ಲಿರುವ ದಿನಾಂಕವನ್ನು ತಿಂಗಳ ಹೆಸರಿನೊಡನೆ ಓದಿಸಿ ಕೇಳುವುದು ಒಳಿತು.