ಪಂಕ್ಚರ್ ದ್ರವದ ಬಾಟಲಿ ತರುವ ಮೊದಲು ವಾಲ್ ನೋಡಿ

ಅಡಿಕೆ ಕೊಯ್ಲಿನ ದಿನ ಬೆಳಿಗ್ಗೆ ಕೈಗಾಡಿಯ ಚಕ್ರ ಚಪ್ಪಟೆಯಾಗಿದ್ದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಕೊಯ್ಯುವವರು ಬಂದಾಗಿದೆ, ಗೊನೆ ಬೀಳ್ತಾ ಉಂಟು, ಅಂಗಳಕ್ಕೆ ತರುವುದು ಮಾತ್ರ ತಲೆಹೊರೆಯಲ್ಲಿ. ಚಕ್ರ ಬಿಚ್ಚಿ, ಸ್ಕೂಟರಿನಲ್ಲಿಟ್ಟು ಉಪ್ಪಿನಂಗಡಿ ಪೇಟೆಗೆ ಹೋಗಿ ಬರುವಾಗ ಅರ್ಧ ದಿನ ಹೋಗಿ ಆಯ್ತು. ಸಂಬಳವಂತೂ ಪೂರ್ತಿ ಕೊಡಬೇಕು.

ಅದಕ್ಕೇ ಮೊಬೈಲಿನಲ್ಲಿ ಬರುವ ಆ ವಿಡಿಯೊ ಎಲ್ಲರಿಗೂ ಇಷ್ಟ. ಟೈರಿಗೆ ಮೊಳೆ ಹೊಡೆಯುತ್ತಾರೆ, ಎಳೆದು ತೆಗೆಯುತ್ತಾರೆ, ಸ್ವಲ್ಪ ಹಸಿರು ದ್ರವ ಹೊರಗೆ ಬರುತ್ತದೆ, ಗಾಳಿ ನಿಲ್ಲುತ್ತದೆ. ನಾನೂ ಒಂದು ಬಾಟಲಿ ತರಿಸಿ ಕೈಗಾಡಿಗೆ ಹಾಕಿದೆ. ಮರುದಿನ ಬೆಳಿಗ್ಗೆ ಚಕ್ರ ಮತ್ತೆ ಚಪ್ಪಟೆ. ಅದು ಪಂಕ್ಚರ್ ಆಗಿರಲೇ ಇಲ್ಲ ಮಾರಾಯ್ರೆ, ವಾಲ್ ಪಿನ್ ಕೆಟ್ಟು ಗಾಳಿ ಹೋಗುತ್ತಿತ್ತು. ದ್ರವ ಹಾಕಿದ್ದರಿಂದ ಆ ಪಿನ್ನಿಗೂ ನಾರು ಸಿಕ್ಕಿಕೊಂಡಿತು. ಗಿಡ ಸೊರಗಿದರೆ ಮೊದಲು ಬೇರು ನೋಡಿ ಅಂತ ನಾಲ್ಕು ಜನರಿಗೆ ಹೇಳುವವ ನಾನು!

ಅಲ್ಲಿಂದ ನನ್ನ ಅಭಿಪ್ರಾಯ ಇದು: ದ್ರವ ಕೆಟ್ಟದ್ದಲ್ಲ, ಆದರೆ ನಾವು ಅದನ್ನು ಬೇರೆ ರೋಗಕ್ಕೆ ಹಾಕುತ್ತಿದ್ದೇವೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತಲ್ಲ, ಅಂಥ ಒಂದು ಸೈಕಲ್ ಇವತ್ತಿಗೂ ನಮ್ಮಲ್ಲಿ ಎಷ್ಟೋ ಮನೆಯ ಕೊಟ್ಟಿಗೆಯಲ್ಲಿ ಸೌದೆಗೆ ಒರಗಿ ನಿಂತಿದೆ. ಕೇಳಿದರೆ "ಪಂಕ್ಚರ್" ಅನ್ನುತ್ತಾರೆ. ನಮ್ಮಲ್ಲಿದ್ದ ಸೈಕಲ್ಲಿನ ವಾಲ್ ಬಿಚ್ಚಿ ನೋಡಿದೆ. ಒಳಗಿನ ಕಡ್ಡಿಗೆ ಹಾಕಿದ ಸಣ್ಣ ರಬ್ಬರ್ ಕೊಳವೆ, ನಾವು ವಾಲ್‌ಟ್ಯೂಬ್ ಅನ್ನುವುದು, ಪುಡಿಪುಡಿ ಆಗಿತ್ತು. ಅದರ ಬೆಲೆ ಒಂದು ಚಾ ದುಡ್ಡಿಗೂ ಕಡಿಮೆ.

ಆ ವಾಲ್ ಕೆಲಸ ಮಾಡುವ ರೀತಿ ಬಹಳ ಸರಳ. ಪಂಪಿನ ಗಾಳಿ ಕಡ್ಡಿಯ ಬದಿಯ ತೂತಿನಿಂದ ಹೊರಟು ರಬ್ಬರನ್ನು ಸ್ವಲ್ಪ ಎತ್ತಿ ಒಳಗೆ ಹೋಗುತ್ತದೆ. ಪಂಪು ನಿಂತ ಕೂಡಲೇ ಒಳಗಿನ ಒತ್ತಡವೇ ರಬ್ಬರನ್ನು ತೂತಿಗೆ ಅಂಟಿಸಿಬಿಡುತ್ತದೆ. ರಬ್ಬರ್ ಸೀಳಿದರೆ ಎಲ್ಲ ಮುಗಿಯಿತು. ಹೊಸ ಕೊಳವೆ ಏರಿಸುವಾಗ ಜಾರಲಿ ಅಂತ ತೆಂಗಿನೆಣ್ಣೆ ಹಚ್ಚಬೇಡಿ, ಎಣ್ಣೆ ರಬ್ಬರನ್ನು ಮೆತ್ತಗೆ ಮಾಡಿ ಕೆಡಿಸುತ್ತದೆ. ನೀರು ಸಾಕು. ಪರೀಕ್ಷೆಗೆ ಚಕ್ರ ತಿರುಗಿಸಿ ವಾಲ್ ಮೇಲ್ಗಡೆ ಬರುವಂತೆ ಮಾಡಿ. ಆಗ ಅದರ ಬಾಯಿ ಕೆಳಮುಖ ಇರುತ್ತದೆ, ಒಂದು ಲೋಟ ನೀರಿನಲ್ಲಿ ಅದ್ದಿ ಹಿಡಿಯಬಹುದು. ಗುಳ್ಳೆ ಬಂದರೆ ಕಳ್ಳ ಅಲ್ಲೇ ಇದ್ದಾನೆ.

ಕೈಗಾಡಿಗೆ ಸಾಮಾನ್ಯವಾಗಿ ಇರುವುದು ಸ್ಕೂಟರಿನ ಥರದ ವಾಲ್, ಒಳಗೆ ಸ್ಪ್ರಿಂಗ್ ಇರುವ ಪಿನ್. ಅದಕ್ಕೆ ಸಾಬೂನು ನೀರು ಮುಟ್ಟಿಸಿದರೆ ಗೊತ್ತಾಗುತ್ತದೆ. ಸಡಿಲ ಇದ್ದರೆ ಪಿನ್ ಕೀಯಿಂದ ಬಿಗಿ ಮಾಡಿ, ಆಗದಿದ್ದರೆ ಬೇರೆ ಪಿನ್ ಹಾಕಿ. ಸೆಗಣಿ, ಕೆಸರು ಹೊರುವ ಗಾಡಿಗೆ ಮುಚ್ಚಳ ಇಲ್ಲದೆ ಇದ್ದರೆ ಪಿನ್ ಬಾಳುವುದಿಲ್ಲ. ನಮ್ಮ ಮಳೆಗಾಲವೂ ಗೊತ್ತುಂಟಲ್ಲ.

ವಾಲ್ ಸರಿ ಇದೆ, ಆದರೂ ಬಿದಿರು ಮುಳ್ಳು, ಬೇಲಿ ತಂತಿಯ ಕಾಟ ತಪ್ಪುವುದಿಲ್ಲ ಅನ್ನುವವರು ದ್ರವ ಹಾಕಬಹುದು. ಆದರೆ ಯಾವುದು ಅಂತ ನೋಡಿ. ಸುಳ್ಯ, ಕಡಬದ ಕಡೆ ರಬ್ಬರ್ ಟ್ಯಾಪಿಂಗ್ ಮಾಡುವವರಿಗೆ ಒಂದು ಜಾತಿ ಬೇಗ ಅರ್ಥವಾಗುತ್ತದೆ: ಅದು ರಬ್ಬರ್ ಹಾಲೇ, ಹೆಪ್ಪುಗಟ್ಟದಂತೆ ಹೆಚ್ಚಾಗಿ ಅಮೋನಿಯಾ ಸೇರಿಸಿದ್ದು. ಮರದ ಗಾಯದಲ್ಲಿ ಹಾಲು ಹೇಗೆ ಒಣಗಿ ನಿಲ್ಲುತ್ತದೋ ಟೈರಿನ ತೂತಿನಲ್ಲೂ ಹಾಗೆಯೇ. ಇದು ಮುಖ್ಯವಾಗಿ ಟ್ಯೂಬ್‌ಲೆಸ್ ಸೈಕಲ್ಲಿಗೆ, ಕೆಲವೇ ತಿಂಗಳಲ್ಲಿ ಒಳಗೇ ಒಣಗಿಬಿಡುತ್ತದೆ. ಇನ್ನೊಂದು ಗ್ಲೈಕಾಲ್ ಮತ್ತು ನಾರು ಸೇರಿದ್ದು, ಒಣಗಲು ಹೆಚ್ಚು ಸಮಯ ಬೇಕು. ಟ್ಯೂಬ್ ಇರುವ ನಮ್ಮ ಗಾಡಿಗಳಿಗೆ ಇದೇ ಸರಿ. ಅದೂ ಮುಳ್ಳಿನ ತೂತಿಗೆ ಮಾತ್ರ. ಬದಿ ಸೀಳಿದರೆ, ಗಾಳಿ ಇಲ್ಲದ ಗಾಡಿ ದೂಡಿ ವಾಲ್ ಬುಡ ಕಿತ್ತು ಬಂದರೆ ಯಾವ ದ್ರವವೂ ನಿಲ್ಲಿಸುವುದಿಲ್ಲ. ಮತ್ತೆ, ದ್ರವ ತುಂಬಿದ ಟ್ಯೂಬಿಗೆ ತೇಪೆ ಹಾಕುವುದು ಕಷ್ಟ, ಒರೆಸಿದಷ್ಟೂ ಜಿನುಗುತ್ತದೆ. ಪಂಕ್ಚರ್ ಅಂಗಡಿಯವರು ಮುಖ ಸಿಂಡರಿಸಿದರೆ ತಪ್ಪು ಅವರದ್ದಲ್ಲ.

ಹಾಕುವಾಗ ಪಿನ್ ಅಥವಾ ಕಡ್ಡಿ ಪೂರ್ತಿ ಹೊರಗೆ ತೆಗೆಯಿರಿ. ಸೈಕಲ್ ಟ್ಯೂಬಿಗೆ 100ರಿಂದ 120 ಮಿ.ಲೀ. ಸಾಕು, ಕೈಗಾಡಿಗೆ ಬಾಟಲಿ ಮೇಲೆ ಬರೆದ ಅಳತೆ ನೋಡಿ. ನಂತರ ಕೆಲವು ಬಾರಿ ಚಕ್ರ ತಿರುಗಿಸಿ. ಮುಂದೆ ಯಾವತ್ತು ಗಾಳಿ ಹಾಕುವಾಗಲೂ ವಾಲ್ ಬುಡ ಚಕ್ರದ ಅಡಿಗೆ ಬಾರದಂತೆ, ಬದಿಯಲ್ಲೋ ಮೇಲೋ ಇರುವಂತೆ ನಿಲ್ಲಿಸಿ ಒಂದೆರಡು ನಿಮಿಷ ಬಿಡಿ. ದ್ರವ ಕೆಳಗಿಳಿದ ಮೇಲೆ ಪಂಪು ಹಾಕಿದರೆ ವಾಲ್ ಕಟ್ಟುವುದಿಲ್ಲ. ನಾನು ತಪ್ಪಿದ್ದು ಇಲ್ಲೂ ಹೌದು.

ಉಳಿದ ದ್ರವದ ವಿಷಯ ಯಾವ ವಿಡಿಯೊದಲ್ಲೂ ನಾನು ನೋಡಿಲ್ಲ. ಕೆಲವು ದ್ರವಗಳಲ್ಲಿ ಎಥಿಲೀನ್ ಗ್ಲೈಕಾಲ್ ಇರುತ್ತದೆ, ಕಾರಿನ ಕೂಲಂಟಿನಲ್ಲಿ ಇರುವುದೇ. ರುಚಿ ಸಿಹಿ, ನಾಯಿ ನೆಕ್ಕುತ್ತದೆ, ಮೂತ್ರಪಿಂಡ ಹೋಗುತ್ತದೆ. ದನಕ್ಕೂ ವಿಷ. ಹಳೇ ಟ್ಯೂಬನ್ನು ತೋಟದ ಕಣಿಯಲ್ಲಿ ತೊಳೆದರೆ ಅದು ತೋಡಿಗೆ, ಅಲ್ಲಿಂದ ಕುಮಾರಧಾರೆಗೋ ನೇತ್ರಾವತಿಗೋ ಹೋಗುತ್ತದೆ. ರಾಸಾಯನಿಕ ಬೇಡ ಅಂತ ಗೊಬ್ಬರದ ಗುಂಡಿ ಮಾಡಿಕೊಂಡವರು ಗೊಬ್ಬರ ಹೊರುವ ಗಾಡಿಯಿಂದಲೇ ಅದನ್ನು ತೋಟಕ್ಕೆ ಸುರಿಯುವುದು ಎಂತ ಕೆಲಸ? ಪ್ರೊಪಿಲೀನ್ ಗ್ಲೈಕಾಲ್ ಅಂತ ಬರೆದಿರುವ ಬಾಟಲಿ ಹುಡುಕಿ, ಅದರ ವಿಷ ತುಂಬಾ ಕಡಿಮೆ. ಚೆಲ್ಲಿದ್ದನ್ನು ಮರದ ಹುಡಿ ಹಾಕಿ ಎತ್ತಿ, ಕಟ್ಟಿ ಇಡಿ.

ನಮ್ಮ ಕೊಟ್ಟಿಗೆಯ ಗೋಡೆಯಲ್ಲಿ ಈಗ ಒಂದು ಸಣ್ಣ ಡಬ್ಬಿ ನೇತಾಡುತ್ತಿದೆ: ನಾಲ್ಕು ಪಿನ್ನು, ಒಂದು ಕೀ, ಒಂದು ಗೇಣು ವಾಲ್‌ಟ್ಯೂಬ್, ಎರಡು ಮುಚ್ಚಳ. ಹಸಿರು ಬಾಟಲಿ ಅದರ ಪಕ್ಕದಲ್ಲೇ ಉಂಟು, ಮುಕ್ಕಾಲು ತುಂಬಿದ್ದು. ಈ ಕೊಯ್ಲಿನಲ್ಲಿ ಅದನ್ನು ಮುಟ್ಟಿಲ್ಲ.