ನಕ್ಕರೆ ಬಿಪಿ ಇಳಿಯುತ್ತದೆಯೇ? ನಗುವಿನ ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು?

ಬೆಳಗಿನ ಹೊತ್ತು ಹೂವಿನ ಚಿತ್ರದ ಜೊತೆ ಈ ಧಾಟಿಯ ಸಂದೇಶ ನಿಮ್ಮ ಗ್ರೂಪಿಗೂ ಬಂದಿರುತ್ತದೆ: ಮಕ್ಕಳು ದಿನಕ್ಕೆ 400 ಸಲ ನಗುತ್ತಾರೆ, ದೊಡ್ಡವರು 15 ಸಲ ಮಾತ್ರ, ಹತ್ತು ನಿಮಿಷ ನಕ್ಕರೆ ಎರಡು ಗಂಟೆ ನಿದ್ದೆ ಮಾಡಿದ ಹಾಗೆ, ನಗುವವರ ಹತ್ತಿರ ಬಿಪಿ, ಶುಗರ್, ಕ್ಯಾನ್ಸರ್ ಸುಳಿಯುವುದೇ ಇಲ್ಲ. ಕೊನೆಯಲ್ಲಿ 'ಹತ್ತು ಜನರಿಗೆ ಕಳಿಸಿ' ಎಂಬ ಆದೇಶ.

ನಗುವಿನ ವಿಷಯ ತಾನೇ, ಸುಳ್ಳಾದರೂ ಯಾರಿಗೇನು ನಷ್ಟ ಎಂದು ಕೇಳಬಹುದು. ನಷ್ಟ ಇದೆ. ದಿನಾ ಮಾತ್ರೆ ನುಂಗಿ ಬೇಸತ್ತವರಿಗೆ, ಅದನ್ನು ನಿಲ್ಲಿಸಲು ಇಂಥ ಒಂದು ಸಾಲು ಸಾಕು. ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದಿಲ್ಲ: ಕಾಯಿಲೆ ಬಿದ್ದವರಿಗೆ 'ನೀನು ನಗಲಿಲ್ಲ, ಅದಕ್ಕೇ ಹೀಗಾಯ್ತು' ಎಂದು ಹೇಳಿದ ಹಾಗಾಗುತ್ತದೆ.

ಎರಡು ಗಂಟೆ ನಿದ್ದೆಯ ಕಥೆ

ಈ ಮಾತಿನ ಬೇರು ಬಹುಶಃ ಅಮೆರಿಕದ ಪತ್ರಕರ್ತ ನಾರ್ಮನ್ ಕಸಿನ್ಸ್ ಅವರ ಅನುಭವದಲ್ಲಿದೆ. 1964ರಲ್ಲಿ ಅವರಿಗೆ ಬೆನ್ನುಮೂಳೆಯ ಕೀಲುಗಳನ್ನು ಬಿಗಿಯಾಗಿಸುವ, ಬಹಳ ನೋವಿನ ಕಾಯಿಲೆ ಬಂತು. ಆಸ್ಪತ್ರೆಯ ವಾತಾವರಣ ಹಿಡಿಸದೆ, ತಮ್ಮ ವೈದ್ಯರ ಒಪ್ಪಿಗೆ ಪಡೆದು ಹೋಟೆಲ್ ಕೋಣೆಯೊಂದಕ್ಕೆ ಹೋದರು. ಮಾರ್ಕ್ಸ್ ಬ್ರದರ್ಸ್ ಸಿನಿಮಾ, 'ಕ್ಯಾಂಡಿಡ್ ಕ್ಯಾಮೆರಾ' ಎಂಬ ತಮಾಷೆ ಕಾರ್ಯಕ್ರಮ ಹಾಕಿಸಿಕೊಂಡು ನೋಡಿದರು. ಹತ್ತು ನಿಮಿಷ ಹೊಟ್ಟೆ ತುಂಬ ನಕ್ಕರೆ ಎರಡು ಗಂಟೆ ನೋವಿಲ್ಲದೆ ನಿದ್ದೆ ಬರುತ್ತಿತ್ತು ಎಂದು ಆಮೇಲೆ ಬರೆದರು. ಆ ಲೇಖನ 1976ರಲ್ಲಿ ಪ್ರಸಿದ್ಧ ವೈದ್ಯಕೀಯ ಪತ್ರಿಕೆ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟವಾಯಿತು. 1979ರಲ್ಲಿ ಪುಸ್ತಕವೂ ಆಯಿತು.

ಗಮನಿಸಿ, ಅವರು ಹೇಳಿದ್ದು ನೋವು ಸ್ವಲ್ಪ ಹೊತ್ತು ಮರೆಯಾಗಿ ನಿದ್ದೆ ಬಂತು ಎಂದು. ಫಾರ್ವರ್ಡ್ ಅದನ್ನು ತಿರುಚಿ, ನಗುವೇ ನಿದ್ದೆಗೆ ಸಮ ಎಂದು ಮಾಡಿತು. ಜೊತೆಗೆ ಕಸಿನ್ಸ್ ಭಾರೀ ಪ್ರಮಾಣದಲ್ಲಿ ವಿಟಮಿನ್ ಸಿ ಕೂಡ ತೆಗೆದುಕೊಳ್ಳುತ್ತಿದ್ದರು. ಗುಣವಾಗಿದ್ದು ನಗುವಿನಿಂದಲೋ, ವಿಟಮಿನ್‌ನಿಂದಲೋ, ಕಾಯಿಲೆ ತಾನಾಗಿಯೇ ಇಳಿಯಿತೋ ಎಂದು ಒಬ್ಬ ರೋಗಿಯನ್ನು ನೋಡಿ ಹೇಳಲು ಸಾಧ್ಯವಿಲ್ಲ.

ಆದರೂ ನೋವಿನ ಬಗ್ಗೆ ಅವರ ಮಾತು ಪೂರ್ತಿ ಟೊಳ್ಳಲ್ಲ. ಬ್ರಿಟನ್ನಿನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಾಸ್ಯ ನೋಡಿ ನಕ್ಕವರು ನಗುವಿನ ನಂತರ ಮೊದಲಿಗಿಂತ ಹೆಚ್ಚು ನೋವು ತಡೆದುಕೊಂಡರು. ನಗುವಾಗ ಉಸಿರು ಬಿಟ್ಟು ಬಿಟ್ಟು ಹೊರಹೋಗಿ ಹೊಟ್ಟೆಯ ಸ್ನಾಯುಗಳು ದಣಿಯುತ್ತವೆ. ಆಗ ಮಿದುಳಿನಲ್ಲಿ ಎಂಡಾರ್ಫಿನ್ ಎಂಬ ನೋವು ನಿವಾರಕ ರಾಸಾಯನಿಕ ಬಿಡುಗಡೆಯಾಗುತ್ತದೆ ಎಂಬುದು ಅವರ ವಿವರಣೆ. ನಗು ಒತ್ತಡದ ಹಾರ್ಮೋನು ಕಾರ್ಟಿಸಾಲ್ ಅನ್ನು ತಗ್ಗಿಸುತ್ತದೆ ಎಂದೂ ಕೆಲವು ಸಣ್ಣ ಅಧ್ಯಯನಗಳು ತೋರಿಸಿವೆ. ಆದರೆ ಆ ಹೊತ್ತಿಗೆ ಒತ್ತಡ ತಗ್ಗುವುದು ಬೇರೆ, ವರ್ಷಗಟ್ಟಲೆ ಇರುವ ಬಿಪಿ ವಾಸಿಯಾಗುವುದು ಬೇರೆ. ಮಾತ್ರೆಯ ಜಾಗದಲ್ಲಿ ನಗುವನ್ನು ಕೂರಿಸುವಂಥ ಪುರಾವೆ ಇಲ್ಲ. ಕ್ಯಾನ್ಸರ್ ವಿಷಯವಂತೂ ಕೇಳಲೇಬೇಡಿ.

ತೂಕ ಇಳಿಯುತ್ತದೆ ಎನ್ನುವುದನ್ನೂ ಅಳೆದು ನೋಡಿದ್ದಾರೆ. ದಿನಕ್ಕೆ 10ರಿಂದ 15 ನಿಮಿಷ ಜೋರಾಗಿ ನಕ್ಕರೆ ಖರ್ಚಾಗುವುದು 10ರಿಂದ 40 ಕ್ಯಾಲೊರಿ. ಕಾಫಿ ಜೊತೆಗಿನ ಒಂದೆರಡು ಬಿಸ್ಕತ್ತಿಗೆ ಸರಿಹೋಯಿತು.

ನಾವು ನಗುವುದು ಜೋಕಿಗಲ್ಲ

400 ಸಲ ಎಂಬ ಲೆಕ್ಕಕ್ಕೆ ಗಟ್ಟಿಯಾದ ಮೂಲವಿಲ್ಲ. ಒಂದು ಸಂದೇಶದಲ್ಲಿ 300, ಇನ್ನೊಂದರಲ್ಲಿ 400. ಎಣಿಸಿದವರು ಯಾರು ಎಂದು ಯಾವುದರಲ್ಲೂ ಇರುವುದಿಲ್ಲ. ನಿಜಕ್ಕೂ ಕೂತು ಎಣಿಸಿದವರು ಅಮೆರಿಕದ ರಾಬರ್ಟ್ ಪ್ರೊವೈನ್. ಅವರು ಮತ್ತು ಅವರ ವಿದ್ಯಾರ್ಥಿಗಳು ಮಾಲ್, ಕಾಲೇಜು ಆವರಣ, ಬೀದಿಗಳಲ್ಲಿ ಜನರ ಮಾತುಕತೆಗೆ ಕಿವಿಗೊಟ್ಟು 1,200 ನಗುಗಳನ್ನು ಬರೆದಿಟ್ಟುಕೊಂಡರು. ಅವುಗಳಲ್ಲಿ ಜೋಕಿನಂಥ ಮಾತಿಗೆ ಬಂದ ನಗು ಶೇ 10ರಿಂದ 20 ಮಾತ್ರ. ಉಳಿದದ್ದೆಲ್ಲ 'ಎಲ್ಲಿಗೋ ಹೊರಟೆ?', 'ಸರಿ, ಆಮೇಲೆ ಸಿಗೋಣ' ಎಂಬಂಥ ಸಪ್ಪೆ ಮಾತಿಗೆ. ಕೇಳುವವರಿಗಿಂತ ಮಾತನಾಡುವವರೇ ಹೆಚ್ಚು ನಗುತ್ತಿದ್ದರು. ಒಂಟಿಯಾಗಿರುವಾಗಿಗಿಂತ ಜೊತೆಯಲ್ಲಿರುವಾಗ ನಾವು ಸುಮಾರು 30 ಪಟ್ಟು ಹೆಚ್ಚು ನಗುತ್ತೇವೆ ಎಂಬುದು ಅವರ ಇನ್ನೊಂದು ಲೆಕ್ಕ.

ಇದರಲ್ಲಿ ನಮ್ಮ ಫೋನಿಗೆ ಸಂಬಂಧಿಸಿದ ಒಂದು ಮಾತಿದೆ. ಹಾಸಿಗೆಯಲ್ಲಿ ಒಬ್ಬರೇ ಮಲಗಿ ಜೋಕ್ ಓದಿ, ಕಣ್ಣಲ್ಲಿ ನೀರು ಬರುವಷ್ಟು ನಗುವ ಇಮೋಜಿ ಒತ್ತುವಾಗ ನಮ್ಮ ಮುಖದಲ್ಲಿ ಹೆಚ್ಚಾಗಿ ಏನೂ ಆಗಿರುವುದಿಲ್ಲ. ಅದೇ ಜೋಕನ್ನು ಅಡುಗೆಮನೆಗೆ ಹೋಗಿ, ಅರ್ಧ ಮರೆತು, ಕೆಟ್ಟದಾಗಿ ಹೇಳಿದರೂ ಇಬ್ಬರೂ ನಗುತ್ತಾರೆ.

ನಗೆಕೂಟಗಳಲ್ಲಿ ಆಗುವುದೂ ಇದೇ ಇರಬೇಕು. ಮುಂಬೈನ ವೈದ್ಯ ಮದನ್ ಕಟಾರಿಯಾ 1995ರಲ್ಲಿ ಐದು ಜನರೊಂದಿಗೆ ಪಾರ್ಕಿನಲ್ಲಿ ಇದನ್ನು ಶುರು ಮಾಡಿದಾಗ ಜೋಕ್ ಹೇಳಿ ನಗಿಸುವ ಪದ್ಧತಿ ಇತ್ತು. ಸುಮಾರು ಎರಡು ವಾರದಲ್ಲಿ ಒಳ್ಳೆಯ ಜೋಕುಗಳು ಖಾಲಿಯಾದವು. ಆಗ ಹುಟ್ಟಿದ್ದು ಸುಮ್ಮನೆ 'ಹ್ಹಹ್ಹಹ್ಹ' ಎನ್ನುವ ಅಭ್ಯಾಸ. ಪಕ್ಕದವರ ಮುಖ ನೋಡಿದರೆ ನಿಜವಾದ ನಗು ಬಂದೇಬಿಡುತ್ತದೆ. ಅದರಿಂದ ಹಿತವಾದರೆ, ಬೆಳಗಿನ ನಡಿಗೆಗೆಷ್ಟು, ಸ್ನೇಹಿತರಿಗೆಷ್ಟು, ನಗುವಿಗೆಷ್ಟು ಪಾಲು ಎಂದು ಬೇರ್ಪಡಿಸುವುದು ಕಷ್ಟ. ಹಿರಿಯರಿಗೆ ಅದು ಬೇಕಾಗಿಯೂ ಇಲ್ಲ ಬಿಡಿ.

ತಮಾಷೆಯ ಇನ್ನೊಂದು ಸಂಗತಿ: ಚೀನಾದಲ್ಲಿ ಕಣ್ಣು ಒಣಗುವ ತೊಂದರೆ ಇದ್ದವರಿಗೆ ದಿನಕ್ಕೆ ನಾಲ್ಕು ಸಲ, ಎಂಟು ವಾರ ನಗುವಿನ ವ್ಯಾಯಾಮ ಮಾಡಿಸಿದರು. ಕಣ್ಣಿನ ಡ್ರಾಪ್ಸ್ ಹಾಕಿಕೊಂಡವರಿಗಿಂತ ಅವರ ಫಲಿತಾಂಶ ಕಳಪೆಯಾಗಿರಲಿಲ್ಲ ಎಂದು 2024ರಲ್ಲಿ 'ಬಿಎಂಜೆ' ಪತ್ರಿಕೆ ಪ್ರಕಟಿಸಿತು. ಇದು ಒಣಗಣ್ಣಿಗೆ ಮಾತ್ರ ಸಂಬಂಧಿಸಿದ್ದು. 'ನಗುವಿನಿಂದ ಕನ್ನಡಕ ಮಾಯ' ಎಂಬ ಫಾರ್ವರ್ಡ್ ಬಂದರೆ ನಮ್ಮನ್ನು ಹೊಣೆ ಮಾಡಬೇಡಿ.

ಯಾವ ನಗು ಎಂಬುದೂ ಮುಖ್ಯ

ಕೆನಡಾದ ಮನೋವಿಜ್ಞಾನಿ ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ ಹಾಸ್ಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಎಲ್ಲರನ್ನೂ ಹತ್ತಿರ ತರುವುದು, ಕಷ್ಟದಲ್ಲೂ ತಮಾಷೆಯ ಮಗ್ಗುಲನ್ನು ಕಾಣುವುದು, ಇನ್ನೊಬ್ಬರನ್ನು ಚುಚ್ಚುವುದು, ತನ್ನನ್ನೇ ಹೀಯಾಳಿಸಿಕೊಂಡು ಬೇರೆಯವರನ್ನು ನಗಿಸುವುದು. ಮೊದಲೆರಡು ನೆಮ್ಮದಿಯ ಜೊತೆ ಕಾಣಿಸಿಕೊಂಡರೆ, ಕೊನೆಯದು ಖಿನ್ನತೆ, ಆತಂಕದ ಜೊತೆ. ನೆಂಟರು ಬಂದ ದಿನವೇ ಗ್ಯಾಸ್ ಖಾಲಿಯಾದಾಗ 'ಸಿಲಿಂಡರಿಗೂ ನಮ್ಮ ಮನೆಯ ಕ್ಯಾಲೆಂಡರ್ ಗೊತ್ತು' ಎನ್ನುವುದು ಎರಡನೆಯ ಬಗೆ. 'ನನ್ನಂಥ ದಡ್ಡಿಗೆ ಇಷ್ಟೂ ಗೊತ್ತಾಗಲ್ಲ, ಹಹಹ' ಎನ್ನುವುದು ನಾಲ್ಕನೆಯದು. ಹೆಂಡತಿ ಜೋಕುಗಳು ಯಾವ ಬಗೆ ಎಂದು ಓದುಗರೇ ಹೇಳಲಿ.

ಕನ್ನಡದಲ್ಲಿ ಆ ಎರಡನೆಯ ಬಗೆಯ ಹಾಸ್ಯವನ್ನು ಮನೆಮನೆಗೆ ತಂದವರಲ್ಲಿ ಒಬ್ಬರು ವೈದ್ಯರೇ. 'ರಾಶಿ' ಎಂದು ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ 'ಕೊರವಂಜಿ' ಮಾಸಪತ್ರಿಕೆ ಆರಂಭಿಸಿ ಸುಮಾರು 25 ವರ್ಷ ನಡೆಸಿದರು. ಆರ್. ಕೆ. ಲಕ್ಷ್ಮಣ್ ಅವರ ಆರಂಭದ ಚಿತ್ರಗಳು ಅದರಲ್ಲಿ ಬಂದವು. ಅದೇ ರಾಶಿಯವರಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮಾತ್ರ ಹಾಸ್ಯಕ್ಕಲ್ಲ, ಮನಸ್ಸಿನ ಕಾಯಿಲೆಗಳನ್ನು ಕುರಿತ 'ಮನಮಂಥನ' ಪುಸ್ತಕಕ್ಕೆ. ಎರಡರಲ್ಲಿ ಯಾವುದು ಯಾವಾಗ ಬೇಕು ಎಂದು ಬಲ್ಲವರು.

ಏಕೆಂದರೆ ನಗಲಾಗದ ಸ್ಥಿತಿಯೂ ಇದೆ. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಊಟ ಸರಿಯಿಲ್ಲ ಎಂದರೆ ಅದು ಖಿನ್ನತೆ ಇರಬಹುದು. ಅಂಥವರಿಗೆ 'ಸ್ವಲ್ಪ ನಗಪ್ಪ' ಎನ್ನುವುದು ಕಾಲು ಮುರಿದವರಿಗೆ ಓಡು ಎಂದ ಹಾಗೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಪಾರ್ಶ್ವವಾಯು ಆದ ಕೆಲವರಿಗೆ ಕಾರಣವಿಲ್ಲದೆ, ದುಃಖದ ಸುದ್ದಿಗೂ ನಗು ಉಕ್ಕುತ್ತದೆ. ಅದು ಹುಚ್ಚಲ್ಲ, ಉದ್ಧಟತನವಲ್ಲ. ನರರೋಗ ವೈದ್ಯರಲ್ಲಿ ಅದಕ್ಕೆ ಔಷಧಿ ಇದೆ.

ಆಸ್ತಮಾ ಇರುವ ಕೆಲವರಿಗೆ ಜೋರು ನಗು ಉಬ್ಬಸ ತರಬಹುದು. ಹೊಟ್ಟೆಯ ಆಪರೇಷನ್ ಆಗಿದ್ದರೆ, ಹರ್ನಿಯಾ ಇದ್ದರೆ, ನಗೆಕೂಟಕ್ಕೆ ಸೇರುವ ಮೊದಲು ವೈದ್ಯರನ್ನು ಕೇಳಿ. ಹೊಲಿಗೆ ಮಾಗುವ ತನಕ ಪಾರ್ಕಿನ ಬೆಂಚಿನ ಮೇಲೆ ಕೂತು ಉಳಿದವರನ್ನು ನೋಡುತ್ತಿರಬಹುದು. ಅಲ್ಲೂ ನಗು ಅಂಟಿಕೊಂಡರೆ ಹೊಟ್ಟೆಗೊಂದು ದಿಂಬು ಒತ್ತಿ ಹಿಡಿದುಕೊಳ್ಳಿ.