ಉದ್ರಿ ಕೊಡೋನೇ ಡಾಕ್ಟರ್

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ಹತ್ತಿಗೆ ಎಣ್ಣಿ ಹೊಡೆದು ಬಂದಿದ್ದ. ಕಣ್ಣು ಕೆಂಪು, ಕೈ ನಡುಗುತ್ತಿತ್ತು.

"ಯಾವ ಹುಳಕ್ಕಪ್ಪ ಇದು?"

"ಯಾರಿಗೆ ಗೊತ್ತು ತಮ್ಮಾ, ಅಂಗಡಿಯವ್ರು ಕೊಟ್ರು, ಹೊಡದೆ."

ಸಿಂಧನೂರು, ಮಸ್ಕಿ, ಲಿಂಗಸುಗೂರು, ಎಲ್ಲಿ ಹೋದರೂ ಇದೇ ಕಥೆ. ಬೀಜ, ಗೊಬ್ಬರ, ಎಣ್ಣಿ ಉದ್ರಿ ಕೊಡೋನೇ ಬೆಳೆಗೆ ಡಾಕ್ಟರ್. ಲಾಗ್ ನೋಡದೆ ಸರ್ವರ್ ರಿಸ್ಟಾರ್ಟ್ ಮಾಡಿದರೆ ಆಫೀಸಿನಲ್ಲಿ ನನಗೆ ಬೈಗುಳ. ಹುಳ ನೋಡದೆ ವಿಷ ಹೊಡೆಸಿದವನನ್ನು ಮಾತ್ರ ಯಾರೂ ಕೇಳೋದಿಲ್ಲ.

ಬೆಂಗಳೂರಿನ ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಸಂಸ್ಥೆ ಇದೆ. ಕಬ್ಬು, ಅಡಿಕೆಯ ಬೇರು ತಿನ್ನುವ ಗೊಣ್ಣೆಹುಳುವಿಗೆ ಅಲ್ಲಿನ ವಿಜ್ಞಾನಿಗಳು ಮದ್ದು ಮಾಡಿದ್ದಾರೆ. ಅದು ವಿಷವಲ್ಲ, ಪುಡಿಯಲ್ಲಿ ಬೆರೆಸಿದ ಜೀವಂತ ಜಂತುಹುಳು. ಹೆಸರು ಹೆಟೆರೋರಾಬ್ಡೈಟಿಸ್ ಇಂಡಿಕಾ. ಕಣ್ಣಿಗೆ ಕಾಣದ ಈ ಪ್ರಾಣಿ ಬಾಯಿಯಿಂದಲೋ ಉಸಿರುರಂಧ್ರದಿಂದಲೋ ಗೊಣ್ಣೆಹುಳುವಿನೊಳಗೆ ನುಗ್ಗಿ, ತನ್ನ ಹೊಟ್ಟೆಯ ಬ್ಯಾಕ್ಟೀರಿಯಾ ಬಿಡುತ್ತದೆ. ಎರಡು-ಮೂರು ದಿನಕ್ಕೆ ಗೊಣ್ಣೆಹುಳು ಸತ್ತು ಇಟ್ಟಂಗಿ ಬಣ್ಣಕ್ಕೆ ತಿರುಗುತ್ತದೆ. ಹೆಣದೊಳಗೇ ಮರಿಗಳು ಬೆಳೆದು, ಹೊರಬಂದು, ಮಣ್ಣಿನಲ್ಲಿ ಮುಂದಿನ ಹುಳ ಹುಡುಕುತ್ತವೆ. ಹೊಡೆಯುವವನ ಕೈ ನಡುಗುವುದಿಲ್ಲ.

"ನಮ್ಮ ಎರಿ ಹೊಲದಾಗ, ಈ ಬಿಸಿಲಿಗೆ ಬದುಕ್ತಾವೇನೋ?" ಅಂದ ಅಪ್ಪ. ಸರಿಯಾದ ಪ್ರಶ್ನೆ. ಇವಕ್ಕೆ ಹಸಿ ಮಣ್ಣು ಬೇಕು, ಬಿಸಿಲು ಬಿದ್ದರೆ ಸಾಯ್ತಾವೆ, ಸಂಜೆಯೇ ಹಾಕಬೇಕು. ಆದರೆ ಇದು ಸೀಮೆಯಾಚೆಯ ಹುಳುವಲ್ಲ. ಕೊಯಮತ್ತೂರಿನಲ್ಲಿ ಸಿಕ್ಕಿ, 1992ರಲ್ಲಿ ಹೆಸರು ಪಡೆದದ್ದು. ಹತ್ತಿ ಕಾಯಿಯೊಳಗೆ ಕೂತ ಗುಲಾಬಿ ಕಾಯಿಕೊರಕ ಇದಕ್ಕೆ ಸಿಗೋದಿಲ್ಲ, ನಿಜ. ಆದರೆ ಕೊರಕ ಕೋಶವಾಗಲು ಮಣ್ಣಿಗೆ ಇಳಿಯುತ್ತದಲ್ಲ? ಆಗ ಹಿಡಿಯಲು ಇದರ ಬಂಧುಗಳನ್ನು 1990ರ ದಶಕದಲ್ಲೇ ಅಮೆರಿಕದ ಹತ್ತಿ ಹೊಲಗಳಲ್ಲಿ ಪರೀಕ್ಷಿಸಿದ್ದಾರೆ.

ತುಂಗಭದ್ರಾ ಎಡದಂಡೆ ನೀರು ಕಾಣುವ ಸಿಂಧನೂರಿನ ಹೊಲದಲ್ಲಿ ಒಂದು ಉತ್ತರ ಬರಬಹುದು, 5ಎ ಕಾಲುವೆಗಾಗಿ ಧರಣಿ ಕೂತ ಮಸ್ಕಿ ಸೀಮೆಯ ಒಣ ಹೊಲದಲ್ಲಿ ಇನ್ನೊಂದು. ಎರಡೂ ನಮಗೆ ಬೇಕು. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವೇ ಇದೆ, ತಾಲೂಕಿಗೊಂದು ಕೃಷಿ ಇಲಾಖೆ ಆಫೀಸಿದೆ. ನಮ್ಮ ಹೊಲಗಳಲ್ಲೇ ಹಾಕಿ ತೋರಿಸಲಿ. ಫೇಲಾದರೆ ಫೇಲ್ ಅಂತಲೇ ಹೇಳಲಿ, ಬೇಜಾರಿಲ್ಲ. ಗೆದ್ದರೆ ಎಣ್ಣಿ ಡಬ್ಬಿಯ ಪಕ್ಕದಲ್ಲೇ, ಅದೇ ಉದ್ರಿಗೆ ಸಿಗುವಂತೆ ಮಾಡಲಿ.

ಉದ್ರಿ ಇಲ್ಲದ ವಿಜ್ಞಾನ ನಮ್ಮೂರಿಗೆ ಬರೋದಿಲ್ಲ. ವಿಷ ಮಾತ್ರ ಮನೆ ಬಾಗಿಲಿಗೇ ಬರುತ್ತದೆ.